ಹೆಬ್ಬೆಟ್ಟು ಬಿದ್ದ ತಿಂಡಿ

ನಾನು ಸುಳ್ಳು ಹೇಳುವವನಲ್ಲ. ಎಂದಾದರೂ ಹೇಳಿದರೆ ಆಮೇಲೆ ಕಷ್ಟಪಟ್ಟು ಅದನ್ನು ನಿಜ ಮಾಡಿ ತೀರಿಸುತ್ತೇನೆ. ಆದ್ದರಿಂದ ಅದನ್ನು ಸುಳ್ಳು ಎನ್ನುವುದಕ್ಕಿಂತ ಸ್ವಲ್ಪ ಬೇಗ ಹೇಳಿದ ನಿಜ ಎನ್ನುವುದೇ ಸರಿ. ಆ ಭಾನುವಾರ ಊಟದ ಮೇಜಿನ ಮುಂದೆ ನನ್ನ ಬಾಯಿಂದ ಬಿದ್ದದ್ದೂ ಅಂಥದೇ ಒಂದು ಮಾತು.

ಊಟಕ್ಕೆ ಬಂದಿದ್ದವರು ನನ್ನ ನಾದಿನಿ ಮತ್ತು ಅವಳ ಗಂಡ, ಅಂದರೆ ನನ್ನ ಷಡ್ಡಕ. ನಮ್ಮ ಮನೆಯಲ್ಲಿ, ಅವನು ಎದುರಿಗಿಲ್ಲದಾಗ, ಅವನಿಗೆ ತಕ್ಕಡಿ ಎಂದು ಹೆಸರು. ತಾನು ಬಾಯಿಗೆ ಹಾಕಿಕೊಳ್ಳುವುದನ್ನು ತೂಗಿ ಹಾಕಿಕೊಳ್ಳುತ್ತಾನೆ. ಬೇರೆಯವರು ಹಾಕಿಕೊಳ್ಳುವುದನ್ನು ಕಣ್ಣಲ್ಲೇ ತೂಗುತ್ತಾನೆ. ನಾನು ಬೇಕರಿಯಿಂದ ತಂದಿದ್ದ ಕೆಂಪು ಕೇಕಿನ ಇನ್ನೊಂದು ತುಂಡಿಗೆ ಕೈ ಚಾಚಿದಾಗ ಅವನು ನನ್ನ ಹೊಟ್ಟೆಯನ್ನು, ಸಂತೆಯಲ್ಲಿ ಕುಂಬಳಕಾಯಿಯನ್ನು ನೋಡುವ ಹಾಗೆ ನೋಡಿದ.

"ಷಡ್ಡಕರೇ, ಬೆಳಿಗ್ಗೆ ಏನು ತಿಂತೀರಾ?"

"ಇವಳು ಏನು ಹಾಕಿದ್ರೆ ಅದು."

"ಅಲ್ಲೇ ತಪ್ಪಿರೋದು. ನಾನು ನೋಡಿ, ನನ್ನ ತಿಂಡಿ ನಾನೇ ಮಾಡ್ಕೋತೀನಿ. ಮೊಸರು, ಹಣ್ಣು, ನಾಲ್ಕು ಬೀಜ. ಹತ್ತೇ ನಿಮಿಷ. ಹೊಟ್ಟೆ ನೋಡಿ ಬೇಕಾದ್ರೆ." ಅವನು ಎದ್ದು ನಿಂತು ತೋರಿಸಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅದೇ ಅವನ ಹೆಮ್ಮೆ.

"ನೋಡಿ ಕಲೀರಿ ಸ್ವಲ್ಪ," ಎಂದಳು ನನ್ನ ಹೆಂಡತಿ.

ಮನುಷ್ಯನಿಗೆ ಹಸಿವು ತಡೆಯುವ ಶಕ್ತಿ ಇದೆ, ನಿದ್ದೆ ತಡೆಯುವ ಶಕ್ತಿಯೂ ಇದೆ. ಷಡ್ಡಕನ ಎದುರು ಹೆಂಡತಿ ಆಡಿದ ಮಾತನ್ನು ತಡೆಯುವ ಶಕ್ತಿ ಮಾತ್ರ ಇಲ್ಲ.

"ಹತ್ತು ನಿಮಿಷ ಯಾಕೆ?" ಎಂದೆ. "ನಾನು ಐದು ನಿಮಿಷದಲ್ಲಿ ಮಾಡ್ತೀನಿ. ಅದೂ ನಿಮ್ಮ ಥರ ಸಪ್ಪೆ ಮೊಸರಲ್ಲ. ಈ ಕೆಂಪು ಕೇಕಿದೆಯಲ್ಲ, ಇದರದೇ ರುಚಿ, ಇದರದೇ ಬಣ್ಣ. ಒಂದು ಚಿಟಿಕೆ ಸಕ್ಕರೆಯೂ ಇರಲ್ಲ. ದಿನಾ ಬಣ್ಣ ಕಲಸೋನಿಗೆ ಮೊಸರು ಕಲಸೋದು ಯಾವ ದೊಡ್ಡ ವಿಷಯ?"

ಹೆಂಡತಿಯ ಸೌಟು ಗಾಳಿಯಲ್ಲೇ ನಿಂತಿತು. "ಯಾವಾಗ ಮಾಡಿದ್ರಿ?"

"ಮಾಡಿದ್ದೀನಿ."

"ಎಲ್ಲಿ?"

"ಅಂಗಡೀಲಿ. ಬೆಳಿಗ್ಗೆ ಬೆಳಿಗ್ಗೆ. ನಿನಗೆ ಯಾಕೆ ತೊಂದರೆ ಅಂತ ಹೇಳಿರಲಿಲ್ಲ."

"ಅಯ್ಯೋ, ಪಾಪ. ಮೊದಲೇ ಹೇಳಬಾರದಾ?" ಅವಳು ಸೌಟನ್ನು ಕೆಳಗಿಟ್ಟಳು. "ನಾಳೆಯಿಂದ ನೀವು ಅಂಗಡೀಲೇ ಮಾಡ್ಕೊಳ್ಳಿ. ನಾನು ಒಂದು ಗಂಟೆ ಜಾಸ್ತಿ ಮಲಗ್ತೀನಿ."

ಹೀಗೆ ನಾನು ಅಡುಗೆಗೆ ಇಳಿದೆ. ಇಲ್ಲಿ ನನ್ನ ಕೆಲಸದ ವಿಷಯ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಒಂದು ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವವನು. ಗಿರಾಕಿ ಒಂದು ಬಣ್ಣ ಕೇಳುತ್ತಾನೆ, ನಾನು ಬಿಳಿ ಎಮಲ್ಷನ್ನಿಗೆ ಸ್ಟೇನರ್ ಎಂಬ ಗಾಢ ಬಣ್ಣವನ್ನು ಹನಿ ಹನಿಯಾಗಿ ಬಿಟ್ಟು ಅವನ ಮನಸ್ಸಿನಲ್ಲಿರುವುದನ್ನು ಡಬ್ಬಿಗೆ ಇಳಿಸುತ್ತೇನೆ. ಸಂಜೆ ತರಗತಿಯಲ್ಲಿ ಬಣ್ಣಶಾಸ್ತ್ರ ಓದಿದ್ದೇನೆ. ಪಾಸಾದೆ ಎಂದೇ ನನ್ನ ನಂಬಿಕೆ. ಪೇಂಟರುಗಳೆಲ್ಲ ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ನಾನು ಬೇಡ ಎಂದಿಲ್ಲ.

ಮೊದಲ ಪ್ರಯೋಗ ಕ್ಯಾರೆಟ್ ಕೇಕಿನದು. ತುರಿದ ಕ್ಯಾರೆಟ್ಟು, ಚಕ್ಕೆಪುಡಿ, ದ್ರಾಕ್ಷಿ. ತಿನ್ನುವಾಗ ಕುದುರೆಯ ನೆನಪು ಬಂತು. ಚಾಕೊಲೇಟಿನದು ಮಾಡಿದ ದಿನ ಕೋಕೋ ಪುಡಿ ಮೂಗಿಗೆ ಹೋಗಿ ಸೀನಿದೆ. ತಿಂಡಿ ನನ್ನ ಅಂಗಿಗೆ ಚೆನ್ನಾಗಿ ಹೊಂದಿತು. ನಿಂಬೆಹಣ್ಣಿನದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಕೆಂಪು ಕೇಕು ನನ್ನ ಕೈ ಹಿಡಿಯಿತು. ರಾತ್ರಿಯೇ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಬೇಕು. ಬೀಟ್‌ರೂಟ್ ಬೇಯಿಸಿ, ನೆನೆಸಿದ ಖರ್ಜೂರದ ಜೊತೆ ಬೆಣ್ಣೆಯಂತೆ ರುಬ್ಬಿಟ್ಟಿರಬೇಕು. ಬೆಳಿಗ್ಗೆ ಮೊಸರಿಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಒಂದು ಚಮಚ ಕೋಕೋ, ಒಂದು ಹನಿ ವೆನಿಲಾ ಹಾಕಿ ಒಂದೇ ದಿಕ್ಕಿಗೆ ತಿರುಗಿಸಿದರೆ ಐದು ನಿಮಿಷ ಕೂಡ ಬೇಡ. ತಿನ್ನುವ ಮುಂಚೆ ಮೇಲೆ ಅಕ್ರೋಟಿನ ಚೂರು. ಬೇಸು ಬಿಳಿ, ಸ್ಟೇನರು ಕೆಂಪು, ತಣ್ಣಗಾಗಿಸಲು ಒಂದಿಷ್ಟು ಕಂದು. ಇದು ನನ್ನ ಕಸುಬು! ಮೊದಲ ಚಮಚ ಬಾಯಿಗಿಟ್ಟಾಗ ಬೇಕರಿಯವನ ಮೇಲೆ ಕನಿಕರ ಬಂತು.

ಮೇಲಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ನನ್ನ ಕೈ ನೋಡಿ, "ಅಯ್ಯೋ, ಯಾರಿಗೆ ಏನು ಮಾಡ್ಬಿಟ್ಟೆಯಪ್ಪಾ?" ಎಂದು ಗೋಡೆ ಹಿಡಿದು ನಿಂತದ್ದನ್ನು ಬಿಟ್ಟರೆ, ಬೀಟ್‌ರೂಟಿನಿಂದ ಬೇರೆ ತೊಂದರೆ ಆಗಲಿಲ್ಲ. ಆ ಬೆಳಗಿನವರೆಗೆ.

ಆ ದಿನಗಳಲ್ಲಿ ನಮ್ಮ ಅಂಗಡಿಯ ಗಾಳಿ ಸರಿ ಇರಲಿಲ್ಲ. ಯಜಮಾನರು ಬಣ್ಣ ಕಲಸುವ ಮಷೀನು ತರಿಸುವ ಯೋಚನೆಯಲ್ಲಿದ್ದರು. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ವಾರಕ್ಕೊಮ್ಮೆ ಬಂದು, ಫೋಟೋ ತೋರಿಸಿ, "ಇದಕ್ಕೆ ರಜ ಬೇಡ ಸಾರ್, ತಲೆನೋವು ಬರಲ್ಲ, ಹೆಂಡತಿ ತಂಗಿ ಮನೆಗೆ ಹೋಗೋದಿಲ್ಲ," ಎನ್ನುತ್ತ ನನ್ನ ಕಡೆ ನೋಡಿ ನಗುತ್ತಿದ್ದ. ಯಜಮಾನರು ಗಲ್ಲ ಕೆರೆದುಕೊಳ್ಳುತ್ತಿದ್ದರು. ಅವರು ಗಲ್ಲ ಕೆರೆದುಕೊಂಡಾಗಲೆಲ್ಲ ಅಂಗಡಿಯಲ್ಲಿ ಯಾವುದೋ ಹಳೆಯ ಸಾಮಾನು ಹೊರಗೆ ಹೋಗುವುದು ವಾಡಿಕೆ. ಅಂಗಡಿಯ ಹಳೆಯ ಸಾಮಾನುಗಳಲ್ಲಿ ಆಗ ಉಳಿದಿದ್ದವು ಒಂದು ಮರದ ಏಣಿ ಮತ್ತು ನಾನು. ಏಣಿಯನ್ನು ಇನ್ನೂ ದಿನಾ ಬಳಸುತ್ತಿದ್ದರು.

ಜೊತೆಗೆ ಹಲ್ಲಿನ ಡಾಕ್ಟರಮ್ಮ. ಅವರು ಹೊಸ ಕ್ಲಿನಿಕ್ ಕಟ್ಟಿಸಿದ್ದರು, ಅದರ ಗೋಡೆಗಳಿಗೆ ಬಣ್ಣ ಬೇಕಾಗಿತ್ತು. "ಒಳಗೆ ಕಾಲಿಟ್ಟ ಪೇಷೆಂಟಿಗೆ ಹೆದರಿಕೆ ಹೋಗಬೇಕು, ಆದರೆ ನನ್ನ ಮೇಲಿನ ಗೌರವ ಹೋಗಬಾರದು. ಅಂಥ ಬಣ್ಣ ಕೊಡಿ," ಎಂಬುದು ಅವರ ಬೇಡಿಕೆ. ನಮ್ಮಲ್ಲಿದ್ದ ಶೇಡ್ ಕಾರ್ಡುಗಳನ್ನೆಲ್ಲ ಅವರು ಒಂದು ಹುಳುಕು ಹಲ್ಲನ್ನು ನೋಡುವ ಮುಖ ಮಾಡಿ ನೋಡಿ ತಳ್ಳಿದ್ದರು. ದೊಡ್ಡ ಗಿರಾಕಿ, ಮೂರು ಮಹಡಿ ಕಟ್ಟಡ. "ಇವರನ್ನ ಒಪ್ಪಿಸೋಕೆ ನಿನ್ನ ಕೈಲಿ ಆಗದಿದ್ರೆ ಮಷೀನಿಗೆ ಹೇಳ್ತೀನಿ ಕಣಯ್ಯಾ," ಎಂದು ಯಜಮಾನರು ಹೇಳಿದ್ದು ನಗುತ್ತಲೇ. ಆ ನಗು ನನ್ನನ್ನು ಎರಡು ರಾತ್ರಿ ಎಚ್ಚರವಾಗಿಟ್ಟಿತ್ತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ, ಯಜಮಾನರ ತಂದೆಯ ಕಾಲದ್ದು. ಕಲಸಿದ ಮಾದರಿ ಬಣ್ಣವನ್ನು ಸಣ್ಣ ಬಿಳಿ ಬಟ್ಟಲಿಗೆ ಹಾಕಿ ಕೌಂಟರಿನ ಎಡ ತುದಿಯಲ್ಲಿ, ಒಂದು ರಟ್ಟಿನ ಕಾರ್ಡಿನ ಮೇಲೆ ಇಡುತ್ತೇವೆ. ಗಿರಾಕಿಗೆ ಹಿಡಿಸಿದರೆ ಹೆಬ್ಬೆಟ್ಟು ಅದ್ದಿ ಕಾರ್ಡಿನ ಮೇಲೆ ಒತ್ತುತ್ತಾನೆ. ಒತ್ತಿದರೆ ಮುಗಿಯಿತು. ಆ ಕಾರ್ಡು ಗಿರಾಕಿಯ ಕೈಗೆ, ಅದೇ ಬಣ್ಣ ಗೋಡೆಗೆ. ಹೆಬ್ಬೆಟ್ಟು ಬಿದ್ದ ಬಣ್ಣವನ್ನು ಕೊಡಲಾಗುವುದಿಲ್ಲ ಎಂದು ಆ ಕೌಂಟರಿನಲ್ಲಿ ಯಾರೂ, ಯಾವತ್ತೂ ಹೇಳಿಲ್ಲ.

ಆ ಬೆಳಿಗ್ಗೆ ನಾನು ಮನೆಯಿಂದ ಮೊಸರೂ ಬೀಟ್‌ರೂಟೂ ತಂದಿದ್ದೆ, ಬಟ್ಟಲು ತಂದಿರಲಿಲ್ಲ. ಮನೆಯ ಬಟ್ಟಲುಗಳನ್ನು ನಾನು ಹೊರಗೆ ಒಯ್ದರೆ ಅವು ತವರಿಗೆ ಹೋದ ಹಾಗೆ ಅಲ್ಲೇ ಉಳಿದುಬಿಡುತ್ತವೆ ಎಂದು ಹೆಂಡತಿಯ ಆಕ್ಷೇಪ. ಹಾಗಾಗಿ ಹೊಸದೊಂದು ಮಾದರಿ ಬಟ್ಟಲನ್ನು ತೊಳೆದು ಅದರಲ್ಲೇ ಕಲಸಿದೆ. ಕೈ ಅಭ್ಯಾಸ ನೋಡಿ, ಕಲಸಿದ್ದನ್ನು ಕೌಂಟರಿನ ಎಡ ತುದಿಯಲ್ಲಿ, ಕಾರ್ಡಿನ ಮೇಲೆಯೇ ಇಟ್ಟೆ. ಅಕ್ರೋಟನ್ನು ಚೀಲದಲ್ಲೇ ಮರೆತಿದ್ದೆ. ತರಲು ಒಳಗೆ ಹೋದೆ.

ಹೊರಗೆ ಬಂದಾಗ ಡಾಕ್ಟರಮ್ಮ ಕೌಂಟರಿನ ಮುಂದೆ ನಿಂತು, ಹೆಬ್ಬೆಟ್ಟನ್ನು ಮೇಲೆ ಎತ್ತಿ ಹಿಡಿದಿದ್ದರು, ಪಕ್ಕದಲ್ಲಿ ಯಜಮಾನರು. ಹೆಬ್ಬೆಟ್ಟು ಕೆಂಪಗಿತ್ತು. ಕಾರ್ಡಿನ ಮೇಲೂ ಅದೇ ಕೆಂಪು, ಬೂದಿ ಬೆರೆತ ಗುಲಾಬಿಯಂಥದ್ದು, ಮುದ್ದಾಗಿ ಕೂತಿತ್ತು.

"ಇದೇ!" ಎಂದರು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ? ನೋಡಿದ್ರೆ ಬಾಯಲ್ಲಿ ನೀರು ಬರುತ್ತೆ!"

"ಮೇಡಂ, ಅದು..."

"ಮಾತಾಡಬೇಡ," ಎಂದರು ಯಜಮಾನರು. ಅವರ ಕಣ್ಣಲ್ಲಿ ನೀರು ನಿಂತಿತ್ತು. "ಯಾವ ಕಾರ್ಡಿನಲ್ಲೂ ಇಲ್ಲದ ಬಣ್ಣ! ರಾತ್ರಿಯೆಲ್ಲಾ ಕೂತು ಕಲಸಿದ್ದೀಯ, ಅಲ್ವೇನಯ್ಯಾ? ಕಣ್ಣು ನೋಡಿದ್ರೆ ಗೊತ್ತಾಗುತ್ತೆ."

"ರಾತ್ರಿ ನೀರಿಳಿಸಿದ್ದು ನಿಜ, ಆದರೆ..."

"ಕೇಳಿದ್ರಾ ಮೇಡಂ? ನೀರಿಳಿಸಿದ್ದಾನೆ! ಯಾವ ಮಷೀನು ಮಾಡುತ್ತೆ ಇದನ್ನ?"

ಡಾಕ್ಟರಮ್ಮನ ಮೂಗಿಗೆ ಯಾಕೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಅಂಗಡಿಯಲ್ಲಿ ಟರ್ಪೆಂಟೈನ್ ವಾಸನೆಯ ಮುಂದೆ ಯಾವ ಮೂಗಿನ ಆಟವೂ ನಡೆಯುವುದಿಲ್ಲ. ನಾನು ಮತ್ತೊಮ್ಮೆ ಬಾಯಿ ತೆರೆದೆ. ಯಜಮಾನರು ನನ್ನ ಹೆಗಲ ಮೇಲೆ ಕೈ ಇಟ್ಟು, "ಈ ಆರ್ಡರ್ ಮುಗೀಲಿ, ಮಷೀನಿನ ಮಾತು ಮತ್ತೆ ಎತ್ತಲ್ಲ," ಎಂದರು. ತೆರೆದ ಬಾಯಿಗೆ ಏನಾದರೂ ಕೆಲಸ ಕೊಡಬೇಕಲ್ಲ, ಆಕಳಿಸಿದೆ.

ಈಗ ನೋಡಿ, ಕೆಲಸ ಉಳಿಯಬೇಕಾದರೆ ನಾನು ಮಾಡಬೇಕಾದದ್ದು ಒಂದೇ: ನನ್ನ ತಿಂಡಿಗೆ ಹೊಂದುವ ಬಣ್ಣ. ಸುಲಭ ಎಂದುಕೊಂಡೆ. ಅಲ್ಲಿದ್ದ ಬಟ್ಟಲನ್ನೇ ಮುಂದಿಟ್ಟುಕೊಂಡು ಕಲಸತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಹೊಂದಿತು ಎನ್ನುವಷ್ಟರಲ್ಲಿ ಬಟ್ಟಲಿನ ಬಣ್ಣವೇ ಬದಲಾಗಿತ್ತು. ಬೀಟ್‌ರೂಟಿನ ಗುಣ ಅದು, ಗಾಳಿ ಬೆಳಕು ತಗುಲಿದರೆ ಕಂದಿ ಹೋಗುತ್ತದೆ. ಸಂಜೆಗೆ ಅದು ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದು, ನೀರು ಬೇರೆ ಬಿಟ್ಟಿತ್ತು. ಓಡುವ ಬಸ್ಸಿನ ಅಳತೆ ತೆಗೆದುಕೊಳ್ಳುವ ದರ್ಜಿಯ ಪಾಡಾಯಿತು ನನ್ನದು.

ಮನೆಯಲ್ಲೇ ಮಾಡುವುದೆಂದು ನಿಶ್ಚಯಿಸಿದೆ. ಚೀಲದ ತುಂಬ ಬೀಟ್‌ರೂಟ್ ತಂದು ಬೇಯಿಸಿ, ಹದ ಹದವಾಗಿ ಕಲಸಿ, ಒಣಗಿದ ಮೇಲೆ ಹೇಗೆ ಕಾಣುತ್ತದೋ ನೋಡಲು ಅಡುಗೆಮನೆಯ ಗೋಡೆಗೆ ಬಳಿದೆ. ಪಕ್ಕದಲ್ಲಿ ಪೇಂಟು ಬಳಿದೆ. ಮೊಸರು, ಪೇಂಟು, ಮೊಸರು, ಪೇಂಟು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ಗೋಡೆಗೆ ತಿಂಡಿ ಹಾಕ್ತಿದ್ದೀರಲ್ಲ. ಅದು ಕೇಳ್ತಾ?"

ಅದೇ ಹೊತ್ತಿಗೆ ನಾದಿನಿಯೂ ತಕ್ಕಡಿಯೂ ಬರಬೇಕೆ? ಐದು ನಿಮಿಷದ ತಿಂಡಿಯನ್ನು ಕಣ್ಣಾರೆ ನೋಡಲು ಬಂದಿದ್ದರಂತೆ. ನನ್ನ ಕೈ, ಮೊಣಕೈ, ಒಂದು ಕಿವಿ ಕೆಂಪಗಿದ್ದವು.

"ಭಾವ, ಐದು ನಿಮಿಷ ಅಂದ್ರಿ. ನಾವು ಬಂದು ಕಾಫಿ ಕುಡಿದದ್ದೂ ಆಯ್ತು," ಎಂದಳು ನಾದಿನಿ.

"ತಿನ್ನೋಕಾದ್ರೆ ಐದು ನಿಮಿಷ," ಎಂದೆ. "ಇದು ಗೋಡೆಗೆ. ಗೋಡೆಗೆ ಟೈಮ್ ಹಿಡಿಯುತ್ತೆ."

ತಕ್ಕಡಿ ಗೋಡೆಯ ಹತ್ತಿರ ಹೋಗಿ ಒಂದೊಂದು ಪಟ್ಟೆಯನ್ನೂ ಮೂಸಿದ. ಆಮೇಲೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದ. ಪಿಸುಮಾತು ಎಂದು ಅವನು ನಂಬಿರುವ ಧ್ವನಿಯಲ್ಲಿ, "ಅಕ್ಕಾ, ನಾನು ಅವತ್ತು ಹೊಟ್ಟೆ ವಿಷಯ ಎತ್ತಬಾರದಿತ್ತು. ಕೆಲವರಿಗೆ ಅದು ನೇರ ತಲೆಗೆ ಹೋಗುತ್ತೆ," ಎಂದ.

ಆದರೆ ಕೊನೆಗೆ ಹೊಂದಿತು! ತಾಜಾ ಬಟ್ಟಲಿಗೂ ನನ್ನ ಪೇಂಟಿಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಮರುದಿನವೇ ಪೇಂಟಿಂಗ್ ಮೇಸ್ತ್ರಿ ಕ್ಲಿನಿಕ್ಕಿನ ಒಂದು ಗೋಡೆಗೆ ಅದನ್ನು ಬಳಿದ. ನಾನು ಎದೆಯುಬ್ಬಿಸಿಕೊಂಡು ಅಂಗಡಿಗೆ ಬಂದೆ. ಅಭ್ಯಾಸದಂತೆ ತಿಂಡಿ ಕಲಸಿಕೊಂಡೆ. ಈ ಸಲ ಬುದ್ಧಿ ಇಟ್ಟು ಕೌಂಟರಿನ ಬಲ ತುದಿಯಲ್ಲಿಟ್ಟೆ.

ಚಮಚ ತೆಗೆದುಕೊಳ್ಳುವಷ್ಟರಲ್ಲಿ ಡಾಕ್ಟರಮ್ಮ ಬಿರುಗಾಳಿಯಂತೆ ಬಂದರು, ಹಿಂದೆ ಮೇಸ್ತ್ರಿ. ಆ ಟೈ ಕಟ್ಟಿದ ಸೇಲ್ಸ್‌ಮನ್ ಬೇರೆ ಆಗಲೇ ಬಂದು ಯಜಮಾನರ ಪಕ್ಕ ಕೂತಿದ್ದ. ಬರಬಾರದ ಹೊತ್ತಿಗೆ ಬರುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರೆಂದು ಕಾಣುತ್ತದೆ.

"ಏನ್ರೀ ಇದು?" ಡಾಕ್ಟರಮ್ಮ ಕಾರ್ಡನ್ನು ಕೌಂಟರಿಗೆ ಬಡಿದರು. "ಗೋಡೆ ಮೇಲೆ ಗುಲಾಬಿ, ಕಾರ್ಡಿನ ಮೇಲೆ ಕಾಫಿ ಕಲೆ! ನಾನು ಒಪ್ಪಿದ್ದು ಯಾವುದು? ಮೊನ್ನೆ ಒಂದು ಬಣ್ಣ, ನಿನ್ನೆ ಒಂದು ಬಣ್ಣ. ಇವತ್ತು ನೋಡ್ತೀನಿ, ಮೇಲೆಲ್ಲಾ ಇರುವೆ!"

ನಿಜ. ಡಾಕ್ಟರಮ್ಮನ ಹೆಬ್ಬೆಟ್ಟಿನ ಗೆರೆಗಳ ಮೇಲೆ ಇರುವೆಗಳು ಸಾಲಾಗಿ, ಶಿಸ್ತಿನಿಂದ, ಕೆಲಸಕ್ಕೆ ಹೋಗುವವರ ಹಾಗೆ ಹೋಗುತ್ತಿದ್ದವು.

ಸೇಲ್ಸ್‌ಮನ್ ಜೇಬಿನಿಂದ ಮಷೀನಿನ ಕಣ್ಣು ಎಂಬ ಒಂದು ಸಣ್ಣ ಡಬ್ಬಿ ತೆಗೆದು, ಕಾರ್ಡಿನ ಮೇಲೆ ಒತ್ತಿ, ಓದಿ, ತಲೆಯಾಡಿಸಿದ. "ಕಂದು, ಸಾರ್. ಕೆಂಪಿನ ಸುಳಿವೇ ಇಲ್ಲ. ಕೈಯಲ್ಲಿ ಕಲಸಿದ್ದು ಅಂದ್ರೆ ಇಷ್ಟೇ. ನಾಲ್ಕು ದಿನ ನಿಲ್ಲಲ್ಲ. ನಾನು ಹೇಳ್ತಾನೇ ಇದ್ದೆ."

ಯಜಮಾನರ ಕೈ ಗಲ್ಲದ ಕಡೆ ಹೋಗುವುದನ್ನು ನೋಡಿದೆ.

"ಬಣ್ಣ ಹಾಳಾಗಿ ಹೋಗಲಿ," ಎಂದರು ಡಾಕ್ಟರಮ್ಮ. "ಇದಕ್ಕೆ ಏನು ಹಾಕಿದ್ದೀರಿ ಅಷ್ಟು ಹೇಳಿ. ಚಿಕ್ಕ ಮಕ್ಕಳು ಬರೋ ಜಾಗ. ಅವು ಗೋಡೆ ಮುಟ್ತವೆ, ನೆಕ್ತವೆ. ಇದು ವಿಷ ಅಲ್ಲ ಅಂತ ಏನು ಗ್ಯಾರಂಟಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿದೆ: ಮೇಡಂ, ಕ್ಷಮಿಸಿ, ಅವತ್ತು ನೀವು ಹೆಬ್ಬೆಟ್ಟು ಅದ್ದಿದ್ದು ನನ್ನ ತಿಂಡಿಗೆ. ವಾಕ್ಯ ಚೆನ್ನಾಗಿಯೇ ಇತ್ತು. ಆದರೆ ಮಾತಿಗಿಂತ ಪ್ರತ್ಯಕ್ಷ ಪ್ರಮಾಣವೇ ಮೇಲು ಎನ್ನಿಸಿ, ಬಲ ತುದಿಯಲ್ಲಿದ್ದ ಬಟ್ಟಲನ್ನು ಎತ್ತಿದೆ. ಎಲ್ಲರಿಗೂ ತೋರಿಸಿದೆ. ದೊಡ್ಡ ಚಮಚದ ತುಂಬ ತೆಗೆದು ಬಾಯಿಗೆ ಹಾಕಿಕೊಂಡೆ.

ಇಲ್ಲಿ ಒಂದು ಸಣ್ಣ ಲೆಕ್ಕ ತಪ್ಪಿತು. ಪ್ರಮಾಣ ಬಾಯಿ ತುಂಬ ಇದ್ದಾಗ ವಿವರಣೆ ಹೊರಗೆ ಬರಲು ದಾರಿ ಇರುವುದಿಲ್ಲ.

"ಅಯ್ಯಯ್ಯೋ! ಮೇಷ್ಟ್ರು ಪೇಂಟ್ ತಿಂದ್ಬಿಟ್ರು!" ಮೇಸ್ತ್ರಿಯ ಗಂಟಲು ಮೂರನೇ ಮಹಡಿಯ ಸಾರುವೆಯ ಮೇಲಿಂದ ಕೆಳಗಿರುವವನನ್ನು ಕರೆದು ಪಳಗಿದ್ದು. ಅವನು ಬೀದಿಗೆ ಓಡಿ ಇನ್ನೊಮ್ಮೆ ಕೂಗಿದ. "ಯಾರಾದ್ರೂ ಬನ್ರೋ! ಮೇಷ್ಟ್ರು ಮಾನಕ್ಕಂಜಿ ಪೇಂಟ್ ತಿಂದ್ರು!"

"ಉಗುಳೋ! ಉಗುಳು!" ಯಜಮಾನರು ನನ್ನ ಬೆನ್ನಿಗೆ ಗುದ್ದಿದರು. "ಆರ್ಡರ್ ಹೋದ್ರೆ ಹೋಗ್ಲಿ ಕಣೋ! ಸಾಯಬೇಡ್ವೋ!"

ಡಾಕ್ಟರಮ್ಮ ಕೌಂಟರು ಸುತ್ತಿ ಬಂದು, ತಮ್ಮ ವೃತ್ತಿಯ ಹಿಡಿತದಲ್ಲಿ ನನ್ನ ದವಡೆಯನ್ನು ಹಿಡಿದು, "ಆ... ಅನ್ನಿ! ದೊಡ್ಡದಾಗಿ!" ಎಂದು ಬಾಯಿ ತೆರೆಸಿದರು. ನಾನು ಸೇಲ್ಸ್‌ಮನ್ನಿನ ಕಡೆ ಸನ್ನೆ ಮಾಡಿದೆ, ನೀರು ಕೊಡು ಎಂದು. ತಾನೇ ಕಾರಣ ಎಂದು ನಾನು ಬೊಟ್ಟು ಮಾಡಿದೆ ಎಂದು ತಿಳಿದು ಅವನು ಬೆಳ್ಳಗಾಗಿ, "ನಾನು ಬರೀ ಡೆಮೋ ಕೊಡೋಕೆ ಬಂದಿದ್ದು ಸಾರ್," ಎಂದು ಗೋಡೆಗೆ ಒರಗಿದ.

ಅಷ್ಟರಲ್ಲಿ ನುಂಗಿದೆ. "ಮೊಸರು," ಎಂದೆ.

"ಭ್ರಮೆ ಶುರುವಾಯ್ತು," ಎಂದರು ಯಜಮಾನರು, ಅಳುವ ದನಿಯಲ್ಲಿ.

ಡಾಕ್ಟರಮ್ಮ ನನ್ನ ಬಾಯಿಯ ಹತ್ತಿರ ಮೂಗು ತಂದರು. ಆಮೇಲೆ ಬಟ್ಟಲಿನ ಹತ್ತಿರ. ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಇನ್ನೊಂದು ಸಲ ಅದ್ದಿದರು. ಇದು ಪರೀಕ್ಷೆಗಾಗಿ ಅಲ್ಲ ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು.

"ಬೀಟ್‌ರೂಟ್," ಎಂದರು. "ಕೋಕೋ. ಸಕ್ಕರೆ ಹಾಕಿದ್ದೀರಾ?"

"ಇಲ್ಲ ಮೇಡಂ. ಖರ್ಜೂರ."

"ಖರ್ಜೂರ ಹಲ್ಲಿಗೆ ಅಂಟುತ್ತೆ. ತಿಂದಮೇಲೆ ಬಾಯಿ ಮುಕ್ಕಳಿಸಿ." ಅವರು ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡರು. "ಅಂದ್ರೆ ನಾನು ಅವತ್ತು ಹೆಬ್ಬೆಟ್ಟು ಒತ್ತಿದ್ದು..."

"ನನ್ನ ತಿಂಡಿಗೆ, ಮೇಡಂ."

ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮ ತಿನ್ನುತ್ತ ಕೇಳಿದರು, ಯಜಮಾನರು ಕುರ್ಚಿಯಲ್ಲಿ ಕುಸಿಯುತ್ತ ಕೇಳಿದರು. ನಾನು ಬದುಕಿದ್ದೇನೆ ಎಂಬ ಸಂತೋಷ ಅವರ ಮುಖದಲ್ಲಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಬೀಟ್‌ರೂಟಿನಂತೆಯೇ ಬಣ್ಣ ಬದಲಾಯಿಸಿತು.

"ನಮ್ಮಪ್ಪನ ಕಾಲದಿಂದ ಬಂದ ಕೌಂಟರಿನಲ್ಲಿ ಮೊಸರಿಗೆ ಹೆಬ್ಬೆಟ್ಟು ಒತ್ತಿಸಿದ್ದೀಯಲ್ಲೋ! ಊರಿಗೆಲ್ಲಾ ಗೊತ್ತಾದ್ರೆ ನನ್ನ ಗತಿ ಏನು? ಸಾಕು. ನಾಳೆಯಿಂದ ಬರಬೇಡ. ಏನ್ರೀ ಸೇಲ್ಸು, ಮಷೀನ್ ಯಾವಾಗ ಇಡ್ತೀರಿ?"

ನಾನು ನನ್ನ ಚೀಲ ಎತ್ತಿಕೊಂಡೆ. ಅಕ್ರೋಟು ಅದರೊಳಗೇ ಇತ್ತು. ಬಾಗಿಲ ಕಡೆ ತಿರುಗಿದರೆ ಹೋಗಲು ದಾರಿಯೇ ಇರಲಿಲ್ಲ, ಅಷ್ಟು ಜನ. ಮೇಸ್ತ್ರಿಯ ಕೂಗಿಗೆ ಬಂದವರು. ಒಳಗೆ ಆಡಿದ ಮಾತು ಅವರಿಗೆ ಕೇಳಿಸಿರಲಿಲ್ಲ. ಅವರು ಕಂಡದ್ದು ಇಷ್ಟೇ: ಪೇಂಟ್ ತಿಂದವನು ಆರಾಮಾಗಿ ನಿಂತಿದ್ದಾನೆ, ಡಾಕ್ಟರೊಬ್ಬರು ಉಳಿದದ್ದನ್ನು ಚಮಚದಲ್ಲಿ ಕೆರೆದು ತಿನ್ನುತ್ತಿದ್ದಾರೆ.

ಎದುರಿನ ದರ್ಜಿ ಮುಂದೆ ಬಂದ. "ಯಜಮಾನ್ರೇ, ಆ ತಿನ್ನೋ ಪೇಂಟ್ ನಮ್ಮನೆಗೂ ಬೇಕು. ಮೊಮ್ಮಗ ಸಿಕ್ಕಿದ್ದನ್ನೆಲ್ಲಾ ನೆಕ್ತಾನೆ."

"ಅದು ಪೇಂಟ್ ಅಲ್ಲ," ಎಂದೆ ನಾನು.

"ನೀವು ಸುಮ್ನಿರಿ ಮೇಷ್ಟ್ರೇ, ಸುಸ್ತಾಗಿದೀರಿ. ನಮ್ಮ ಕಣ್ಣಾರೆ ನೋಡಿದ್ದೀವಿ."

"ನಮ್ಮ ಮನೆಗೂ," ಎಂದರು ಹಿಂದಿನಿಂದ ಯಾರೋ. "ನಮ್ಮ ಅಂಗನವಾಡಿಗೂ," ಎಂದು ಇನ್ನೊಬ್ಬರು. ಸಾಲು ಬೀದಿಗೆ ಇಳಿಯಿತು.

ಯಜಮಾನರು ಸಾಲನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕೈ ಗಲ್ಲದ ಹತ್ತಿರ ಹೋಗಿ, ಕೆರೆಯದೆ ಕೆಳಗಿಳಿಯಿತು.

"ಮಷೀನ್ ತಂದಿಡಿ," ಎಂದರು ಸೇಲ್ಸ್‌ಮನ್ನಿಗೆ. "ಕಲಸೋದು ಅದು ಮಾಡಲಿ." ನನ್ನ ಕಡೆ ತಿರುಗಿದರು. "ನೀನು ತಿನ್ನು."

ನನ್ನ ಹುದ್ದೆ ಹೀಗೆ ಏರಿತು. ಏರಿತು ಎಂದೇ ನಾನು ತಿಳಿದಿದ್ದೇನೆ, ಯಾಕೆಂದರೆ ಮುಂಚೆ ನಿಂತು ಕೆಲಸ ಮಾಡುತ್ತಿದ್ದೆ, ಈಗ ಕುರ್ಚಿ ಇದೆ. ಡಾಕ್ಟರಮ್ಮನಿಗೆ ತಾಜಾ ಬಟ್ಟಲೊಂದನ್ನು ಮಾಡಿಕೊಟ್ಟೆ. ಮಷೀನಿನ ಕಣ್ಣು ಅದು ಕಂದುವ ಮುಂಚೆಯೇ ಓದಿ, ಕ್ಷಣದಲ್ಲಿ ಕಲಸಿಕೊಟ್ಟಿತು. ನ್ಯಾಯವಾಗಿ ಹೇಳಬೇಕಾದರೆ, ಅದು ಕಲಸಿದ್ದಕ್ಕೂ ನಾನು ಅಷ್ಟೆಲ್ಲ ಗೋಡೆ ಹಾಳುಮಾಡಿ ಕಲಸಿದ್ದಕ್ಕೂ ವ್ಯತ್ಯಾಸವಿರಲಿಲ್ಲ. ಕ್ಲಿನಿಕ್ಕಿಗೆ ಆ ಬಣ್ಣವೇ ಬಂತು. ಈಗ ಅಲ್ಲಿಗೆ ಹೋದವರಿಗೆ ಹೆದರಿಕೆ ಆಗುವುದಿಲ್ಲವಂತೆ, ಹಸಿವಾಗುತ್ತದಂತೆ.

ನನಗೆ ಮಾತ್ರ ಒಂದು ಚಿಂತೆ ಹತ್ತಿತು. ನನ್ನನ್ನು ನೋಡಿ ಯಾರಾದರೂ ನಿಜವಾದ ಪೇಂಟನ್ನು ಬಾಯಿಗೆ ಹಾಕಿಕೊಂಡರೆ? ನಾನೇ ಒಂದು ಬೋರ್ಡು ಬರೆದು ಕೌಂಟರಿಗೆ ಹಾಕಿದೆ: "ಮೇಷ್ಟ್ರು ತಿನ್ನುವುದು ಮೊಸರು. ಪೇಂಟನ್ನು ಯಾರೂ ತಿನ್ನಕೂಡದು." ಜನ ನಿಂತು ಓದಿದರು. "ನೋಡಿದ್ರಾ, ಬೋರ್ಡು ಹಾಕೋ ಮಟ್ಟಿಗೆ ಹೋಗಿದೆ ಅಂದ್ರೆ ಎಷ್ಟು ರುಚಿ ಇರಬೇಕು!" ಎಂದರು. ಆಮೇಲೆ ನಾನು ಬಂದವರಿಗೆಲ್ಲ ಬಾಯಿಬಿಟ್ಟು ಹೇಳತೊಡಗಿದೆ. ಅವರು ಕಣ್ಣು ಮಿಟುಕಿಸುತ್ತಾರೆ. ಸುಳ್ಳನ್ನು ಒಂದೇ ಸಲ ಹೇಳಿದೆ, ಮನೆಯಲ್ಲಿ ಎಲ್ಲರೂ ನಂಬಿದರು. ನಿಜವನ್ನು ದಿನವಿಡೀ ಹೇಳುತ್ತಿದ್ದೇನೆ, ಒಬ್ಬರಾದರೂ ನಂಬಬೇಡವೆ!

ಮೊನ್ನೆ ಒಬ್ಬ ಮುದುಕಿ ಬಂದಳು. ಗೇಟಿಗೆ ಹಸಿರು ಬೇಕಂತೆ, ಎನಾಮಲ್ಲು. ಮಷೀನು ಕಲಸಿಕೊಟ್ಟಿತು. ಡಬ್ಬಿಯನ್ನು ನನ್ನ ಮುಂದಿಟ್ಟು, "ಎಲ್ಲಪ್ಪಾ, ಇದನ್ನ ಒಂದು ಚಮಚ ತಿಂದು ತೋರಿಸು," ಎಂದಳು. ನಾನು ಯಜಮಾನರ ಮುಖ ನೋಡಿದೆ. ಯಜಮಾನರು ಛಾವಣಿ ನೋಡಿದರು.

"ಅವರದ್ದು ಇವತ್ತು ತಿಂಡಿ ಆಗಿಹೋಯ್ತು ಅಮ್ಮಾ," ಎಂದರು. "ನಾಳೆ ಬೆಳಿಗ್ಗೆ ಬನ್ನಿ."

ಆ ಸಂಜೆ ತರಕಾರಿ ಅಂಗಡಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಪುದೀನ ತೆಳುವಾಯಿತು, ಪಾಲಕ್ ಗಾಢವಾಯಿತು. ಎಳೆಯ ಪಾಲಕ್ಕಿಗೆ ಬೆಣ್ಣೆಹಣ್ಣು ಸೇರಿಸಿ, ಪಿಸ್ತಾ ಅರೆದು ಹಾಕಿ, ಒಂದು ಹನಿ ವೆನಿಲಾ ಬಿಟ್ಟಾಗ ಮೊಸರಿಗೆ ಪಿಸ್ತಾ ಐಸ್‌ಕ್ರೀಮಿನ ರುಚಿ ಬಂತು, ಗೇಟಿನ ಬಣ್ಣವೂ ಬಂತು. ತಿಂಡಿಗೆ ಹೊಂದುವ ಬಣ್ಣವನ್ನು ಯಾವ ಮಷೀನಾದರೂ ಕಲಸೀತು. ಬಣ್ಣಕ್ಕೆ ಹೊಂದುವ ತಿಂಡಿ ಕಲಸುವವನು ಈ ಕಸುಬಿನಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಒಬ್ಬನೇ.

ಬೆಳಿಗ್ಗೆ ಮುದುಕಿ ಬಂದು ಎದುರಿಗೆ ಕೂತಳು. ನಾನು ನೇರವಾಗಿ ಹೇಳಿದೆ. "ಅಜ್ಜೀ, ಇದು ಮೊಸರು. ನಿಮ್ಮ ಪೇಂಟಲ್ಲ. ಪೇಂಟನ್ನ ಯಾರೂ ತಿನ್ನಬಾರದು."

ಅವಳು ಬಟ್ಟಲನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಹತ್ತಿರ ಬಗ್ಗಿ, ಯಜಮಾನರಿಗೆ ಕೇಳದ ಹಾಗೆ, "ಗೊತ್ತಾಯ್ತು ಮಗನೇ," ಎಂದಳು. "ನಾನೂ ನಾಲ್ಕು ಮನೇಲಿ ಕೆಲಸ ಮಾಡಿದೋಳು. ತಿನ್ನು, ತಿನ್ನು. ಕೆಲಸ ಅಂದಮೇಲೆ ಏನೇನೋ ನುಂಗಬೇಕಾಗುತ್ತೆ."

ತಿಂದೆ. ಬಹಳ ಚೆನ್ನಾಗಿತ್ತು. ಎದುರಿಗೆ ಕೂತವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವಾಗ ಇನ್ನೊಂದು ಚಮಚಕ್ಕೆ ಕೈ ಹಾಕುವುದು ಯಾರಿಗಾದರೂ ಸಂಕೋಚವೇ. ಆದರೂ ಬಟ್ಟಲು ಖಾಲಿ ಮಾಡಿದೆ, ತಳ ಕೂಡ ಕೆರೆದೆ. ಮುದುಕಿಗೆ ಅದನ್ನು ನೋಡಲಾಗಲಿಲ್ಲ. ಗೇಟಿನ ಜೊತೆಗೆ ಕಿಟಕಿಗಳಿಗೂ ಅದೇ ಹಸಿರು ಕಟ್ಟಿಸಿಕೊಂಡು, ತಿರುಗಿ ನೋಡದೆ ಹೊರಟುಹೋದಳು.